ಏರಿನಲ್ಲಿ ಏದುವ ಮೋಟಾರು

ನಮ್ಮ ನಾಲತವಾಡದ ಗೃಹಸ್ಥರೊಬ್ಬರು ಈ ಸಲ ಒಂದು ಪ್ರಶ್ನೆಯನ್ನು ಕಳಿಸಿರುವರು. ಅವರ ಮೋಟಾರುಗಾಡಿಯು ಮುದ್ದೇಬಿಹಾಳಕ್ಕೆ, ತಾಳಿಕೋಟೆಗೆ, ವಿಜಯಪುರಕ್ಕೆ ಹೋಗಿ ಬರುವಾಗ ಯಾವ ತಕರಾರನ್ನೂ ಮಾಡುವದಿಲ್ಲ. ಆದರೆ ಧರ್ಮಸ್ಥಳದ ಯಾತ್ರೆಯನ್ನು ಮುಗಿಸಿ ಚಾರ್ಮಾಡಿ ಘಟ್ಟವನ್ನು ಏರಿ ಬರುವಾಗ ಅದರ ಬಲವೆಲ್ಲ ಉಡುಗಿ, ಮೊದಲನೆಯ ಗೇರಿನಲ್ಲಿ ಏದುತ್ತ ಏದುತ್ತ ಸಾಗಿತಂತೆ. ಹಿಂದೆ ಬಸ್ಸುಗಳ ಸಾಲು, ಮುಂದೆ ಮಂಜು, ಒಳಗೆ ವೃದ್ಧ ತಾಯಿ ಮತ್ತು ಮಕ್ಕಳು. ಊರಿಗೆ ಬಂದ ಬಳಿಕ ಗಾಡಿಯು ಮತ್ತೆ ಎಂದಿನಂತೆ ಓಡಹತ್ತಿತು. "ಬಯಲಿನಲ್ಲಿ ಇಲ್ಲದ ರೋಗವು ಘಟ್ಟದಲ್ಲಿ ಎಲ್ಲಿಂದ ಬಂದಿತು? ಘಟ್ಟದ ಗಾಳಿ ತೆಳುವೆಂದು ಒಬ್ಬರು ಹೇಳುವರು, ಎಥನಾಲ್ ಬೆರೆತ ಪೆಟ್ರೋಲಿನ ದೋಷವೆಂದು ಇನ್ನೊಬ್ಬರು, ಗಾಡಿಯನ್ನೇ ಮಾರಿಬಿಡೆಂದು ಮತ್ತೊಬ್ಬರು. ನಾನು ಯಾರ ಮಾತನ್ನು ಕೇಳಲಿ?" ಎಂಬದು ಅವರ ಪ್ರಶ್ನೆ.

ರೋಗವು ಘಟ್ಟದಲ್ಲಿ ಹುಟ್ಟಲಿಲ್ಲ. ಊರಿನಲ್ಲಿಯೇ ಹುಟ್ಟಿತ್ತು, ಘಟ್ಟದಲ್ಲಿ ಬಯಲಿಗೆ ಬಂದಿತು ಎಂಬದೇ ನನ್ನ ಉತ್ತರವು. ಇದನ್ನು ಸ್ವಲ್ಪ ಲೆಕ್ಕದಿಂದ ತಿಳಿದುಕೊಳ್ಳೋಣ. 75 ಕಿಲೋಗ್ರಾಮು ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲಕ್ಕೆ ಎತ್ತುವ ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿಯೆಂದು ಹೆಸರು. ಜನರನ್ನೂ ಸಾಮಾನನ್ನೂ ಕೂಡಿಸಿ 1,200 ಕಿಲೋ ತೂಗುವ ಒಂದು ಗಾಡಿಯು ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು ವೇಗದಿಂದ ಹೋಗುತ್ತಿದೆಯೆಂದು ಭಾವಿಸಿರಿ. ಸಮನಾದ ರಸ್ತೆಯಲ್ಲಿ ಗಾಲಿಗಳ ತಿಕ್ಕಾಟವನ್ನೂ ಗಾಳಿಯ ತಡೆಯನ್ನೂ ಗೆಲ್ಲುವದಕ್ಕೆ ಎರಡೂವರೆ ಮೂರು ಅಶ್ವಶಕ್ತಿಯು ಸಾಕು. ಅದೇ ಗಾಡಿಯು ಹತ್ತು ಮೀಟರಿಗೆ ಒಂದು ಮೀಟರು ಏರುವ ಕಡಿದಾದ ದಾರಿಗೆ ಬಂದಿತೆಂದರೆ, 1,200 ಕಿಲೋ ಭಾರವನ್ನು ಪ್ರತಿ ಸೆಕೆಂಡಿಗೆ ಒಂದು ಮೀಟರು ಎತ್ತಬೇಕಾಗುವದು. 1,200ನ್ನು 75ರಿಂದ ಭಾಗಿಸಿದರೆ 16. ಮೊದಲಿನ ಮೂರನ್ನು ಕೂಡಿಸಲು 19 ಆಯಿತು. ಬಯಲಿನಲ್ಲಿ ಬೇಕಾದುದರ ಆರು ಪಟ್ಟು!

"ನನ್ನ ಎಂಜಿನು 65 ಅಶ್ವಶಕ್ತಿಯದು, 19 ಏನು ಮಹಾ?" ಎಂದು ವಾಚಕರು ಕೇಳಬಹುದು. ಆ ಅಂಕೆಯು ಎಂಜಿನು ನಿಮಿಷಕ್ಕೆ ಆರು ಸಾವಿರದಷ್ಟು ಸುತ್ತು ತಿರುಗುವಾಗಿನದು. ಘಟ್ಟದ ತಿರುವಿನಲ್ಲಿ ಸುತ್ತುಗಳು ಎರಡು ಸಾವಿರಕ್ಕೆ ಇಳಿದಾಗ ಅದರ ಸುಮಾರು ಮೂರನೆಯ ಒಂದಂಶ ಮಾತ್ರ ಕೈಗೆ ಸಿಗುವದು. ಆದುದರಿಂದ ತನ್ನ ಬಲದಲ್ಲಿ ಕಾಲುಭಾಗವನ್ನು ಕಳೆದುಕೊಂಡ ಎಂಜಿನು ಬಯಲಿನಲ್ಲಿ ವರುಷಗಟ್ಟಲೆ ಗುಟ್ಟಾಗಿ ಓಡಿಕೊಂಡಿದ್ದು, ಏರಿನಲ್ಲಿ ಒಮ್ಮೆಲೆ ಸಿಕ್ಕಿಬೀಳುವದು. ಕಾಲಿಗೆ ಮುಳ್ಳು ನೆಟ್ಟ ಎತ್ತು ಬರಿಗಾಡಿಯನ್ನು ಎಳೆಯುವದು. ಜೋಳದ ಚೀಲಗಳನ್ನು ಹೇರಿ ದಿಣ್ಣೆಯನ್ನು ಹತ್ತಿಸಿದಾಗಲೇ ಅದರ ಕುಂಟು ಕಣ್ಣಿಗೆ ಬೀಳುವದಲ್ಲವೆ?

ನಮ್ಮ ಸೀಮೆಯವರಿಗೆ ಇದರಲ್ಲಿ ಇನ್ನೊಂದು ಆಪತ್ತುಂಟು. ನಾವು ಇರುವದು ಮೇಲಣ ಬಯಲಿನಲ್ಲಿ. ಚಾರ್ಮಾಡಿಯಿಂದ ಧರ್ಮಸ್ಥಳಕ್ಕೆ ಹೋಗಲಿ, ಬೆಳಗಾವಿಯಿಂದ ಚೋರ್ಲಾ ಘಟ್ಟದ ದಾರಿಯಾಗಿ ಗೋವೆಗೆ ಹೋಗಲಿ, ಹೋಗುವಾಗ ನಮಗೆ ಇಳಿಜಾರು, ಬರುವಾಗ ಏರು. ಕರಾವಳಿಯವರ ಗಾಡಿಯು ಮನೆಯಿಂದ ಹೊರಟ ಹೊಸತರಲ್ಲಿಯೇ ಪರೀಕ್ಷೆಗೆ ಒಳಗಾಗುವದು. ನಮ್ಮ ಗಾಡಿಯ ಪರೀಕ್ಷೆಯಾದರೋ ಜನರು ದಣಿದು, ಹೊತ್ತು ಇಳಿದು, ಮನೆಯು ನೂರಾರು ಮೈಲು ದೂರವಿರುವಾಗ ನಡೆಯುವದು. ಯುಗಾದಿಯ ಕಾಲಕ್ಕೆ ಶ್ರೀಶೈಲಕ್ಕೆ ಹೋಗುವವರಿಗೆ ಮಾತ್ರ ದೋರ್ನಾಲದ ಆಚೆಗೆ ಹೋಗುವಾಗಲೇ ಏರು ಎದುರಾಗುವದು. ಆದರೆ ಆಗಿನದು ಬಿಸಿಲಿನ ಕಾಲ. ಹೇಗೂ ಗಾಡಿಯ ಪರೀಕ್ಷೆಯು ಊರಿನಲ್ಲಿಯೇ ಆಗುವದು ಲೇಸು.

ಇನ್ನು ಗೆಳೆಯರು ಹೇಳಿದ ಕಾರಣಗಳನ್ನು ನೋಡೋಣ. ಎತ್ತರಕ್ಕೆ ಹೋದಂತೆ ಗಾಳಿಯು ತೆಳುವಾಗುವದು ನಿಜ. ಟರ್ಬೊ ಇಲ್ಲದ ಎಂಜಿನು ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೆಯ ಒಂದಂಶ ಬಲವನ್ನು ಕಳೆದುಕೊಳ್ಳುವದು. 2,240 ಮೀಟರು ಎತ್ತರದ ಉದಕಮಂಡಲದಲ್ಲಿ ಇದು ಲಕ್ಷಿಸಬೇಕಾದ ಮಾತು. ಆದರೆ ನಾರಾಯಣಪುರದ ಬಸವಸಾಗರ ಜಲಾಶಯದ ಪೂರ್ಣಮಟ್ಟವೇ ಸಮುದ್ರದಿಂದ 492 ಮೀಟರು ಮೇಲಿದೆ. ನಮ್ಮ ಊರು ಅದಕ್ಕೂ ಎತ್ತರದಲ್ಲಿದೆ. ಚಾರ್ಮಾಡಿಯ ಬುಡವು ಇದಕ್ಕಿಂತ ಎಷ್ಟೋ ತಗ್ಗು. ಅಂದಬಳಿಕ ಘಟ್ಟದ ಮೊದಲ ತಿರುವುಗಳಲ್ಲಿ ನಮ್ಮ ಗಾಡಿಗೆ ಊರಿನಲ್ಲಿರುವದಕ್ಕಿಂತ ದಟ್ಟವಾದ ಗಾಳಿಯೇ ದೊರೆಯುವದು. ಅಲ್ಲಿಂದಲೇ ಏದಹತ್ತಿದ ಗಾಡಿಗೆ ತೆಳುಗಾಳಿಯ ನೆವವು ಸಲ್ಲದು.

ಎಥನಾಲಿನ ಮಾತೂ ಅರ್ಧಸತ್ಯವು. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಒಂದು ಲೀಟರು ಎಥನಾಲಿನಲ್ಲಿ ಒಂದು ಲೀಟರು ಪೆಟ್ರೋಲಿನ ಮೂರನೆಯ ಎರಡಂಶದಷ್ಟು ಶಕ್ತಿ ಮಾತ್ರ ಇರುವದರಿಂದ, ಮಿಶ್ರಣದಲ್ಲಿ ನೂರಕ್ಕೆ ಆರೇಳರಷ್ಟು ಶಕ್ತಿಯು ಕಡಿಮೆಯಾಗುವದು. ಮೈಲೇಜು ಕೊಂಚ ಇಳಿಯಬಹುದು. ಮೂರನೆಯ ಗೇರಿನಲ್ಲಿ ಏರುತ್ತಿದ್ದ ಗಾಡಿಯು ಇಷ್ಟರಿಂದಲೇ ಮೊದಲನೆಯ ಗೇರಿಗೆ ಇಳಿಯಲಾರದು. ಹಳೆಯ ಗಾಡಿಗಳಲ್ಲಿ ಮಾತ್ರ ಅದು ಟ್ಯಾಂಕಿನ ತಳದ ಕಸವನ್ನು ಬಿಡಿಸಿ ಫಿಲ್ಟರಿಗೆ ತರಬಹುದು, ರಬ್ಬರಿನ ನಳಿಗೆಗಳನ್ನು ಕೆಡಿಸಬಹುದು. ಹಾಗಾಗಿದ್ದರೆ ನೋಡಬೇಕಾದದ್ದು ಫಿಲ್ಟರನ್ನೂ ನಳಿಗೆಯನ್ನೂ.

ಹಾಗಾದರೆ ಕಾರಣವನ್ನು ಹುಡುಕುವ ಬಗೆ ಯಾವದು? ನಮ್ಮ ಆಯುರ್ವೇದದಲ್ಲಿ ಮಾಧವಕರನ 'ಮಾಧವನಿದಾನ'ವೆಂಬ ಗ್ರಂಥವು ರೋಗವನ್ನು ಗುರುತಿಸುವ ವಿಷಯಕ್ಕೇ ಮೀಸಲಾದದ್ದು. ರೋಗವನ್ನು ಐದು ಬಗೆಯಿಂದ ಅರಿಯಬೇಕೆಂಬದು ವೈದ್ಯರ ಕ್ರಮವು: ನಿದಾನ ಎಂದರೆ ಮೂಲಕಾರಣ, ಪೂರ್ವರೂಪ ಎಂದರೆ ಮುನ್ಸೂಚನೆ, ರೂಪ ಎಂದರೆ ಕಣ್ಣಿಗೆ ಕಾಣುವ ಲಕ್ಷಣ, ಉಪಶಯ ಎಂದರೆ ಯಾವದರಿಂದ ಗುಣ ಕಾಣುವದೆಂದು ಮಾಡುವ ಪರೀಕ್ಷೆ, ಸಂಪ್ರಾಪ್ತಿ ಎಂದರೆ ರೋಗವು ಮೈಯೊಳಗೆ ಬೆಳೆದು ಬಂದ ದಾರಿ. ಮೋಟಾರಿಗೂ ಇದೇ ಕ್ರಮವು ಸಲ್ಲುವದು. ಇವೊಂದನ್ನೂ ವಿಚಾರಿಸದೆ ಬಿಡಿಭಾಗಗಳನ್ನು ಬದಲಿಸುತ್ತ ಹೋಗುವದು, ನಾಡಿಯನ್ನು ಹಿಡಿಯದೆ ಔಷಧವನ್ನು ಕುಡಿಸಿದಂತೆ. ಒಂದೊಂದು ತಪ್ಪು ಊಹೆಗೆ ಸಾವಿರಾರು ರೂಪಾಯಿ ದಂಡ.

ಮೊದಲು ರೂಪವನ್ನು ಸರಿಯಾಗಿ ನೋಡಿರಿ. ಬಲವು ಕುಂದುವ ರೀತಿಗಳು ಮುಖ್ಯವಾಗಿ ನಾಲ್ಕು. ಎಂಜಿನಿನ ಸದ್ದು ಏರುವದು, ಆದರೆ ವೇಗವು ಏರುವದಿಲ್ಲ, ಸುಟ್ಟ ವಾಸನೆ ಬರುವದು. ಹೀಗಿದ್ದರೆ ಎಂಜಿನು ನಿರಪರಾಧಿ, ಜಾರುತ್ತಿರುವದು ಕ್ಲಚ್ಚು. ಎರಡನೆಯದಾಗಿ, ಎಂಜಿನು ಬಿಕ್ಕಳಿಸಿದಂತೆ ಎಳೆದೆಳೆದು ನಡೆದರೆ ಕಿಡಿಯಲ್ಲಿ ಅಥವಾ ಇಂಧನದಲ್ಲಿ ದೋಷವಿರಬಹುದು. ಮೂರನೆಯದಾಗಿ, ಬಿಕ್ಕಳಿಕೆಯೇನೂ ಇಲ್ಲದೆ ಕುತ್ತಿಗೆ ಹಿಸುಕಿದಂತೆ ಒಂದೇ ಸಮನೆ ಬಲವು ತಗ್ಗಿದರೆ, ಒಳಗೆ ಬರುವ ಗಾಳಿಗೋ ಹೊರಗೆ ಹೋಗುವ ಹೊಗೆಗೋ ತಡೆಯುಂಟಾಗಿರುವದು. ನಾಲ್ಕನೆಯದಾಗಿ, ಏರಿನ ಆರಂಭದಲ್ಲಿ ಚೆನ್ನಾಗಿದ್ದು ನಾಲ್ಕೈದು ನಿಮಿಷಗಳ ಮೇಲೆ ಬಲವು ಬತ್ತುತ್ತ ಬಂದರೆ, ಇಂಧನದ ಪೂರೈಕೆ ಸಾಲುತ್ತಿಲ್ಲ, ಇಲ್ಲವೆ ಎಂಜಿನು ಕಾಯುತ್ತಿದೆ. ಈ ನಾಲ್ಕರಲ್ಲಿ ಯಾವದೆಂಬದನ್ನು ಗಾಡಿಯನ್ನು ನಡೆಸಿದವನೇ ಹೇಳಬಲ್ಲನು. ಗ್ಯಾರೇಜಿನಲ್ಲಿ ನಿಂತ ಗಾಡಿಯು ಅದನ್ನು ಹೇಳಲಾರದು. ಆದ್ದರಿಂದ ಮಿಸ್ತ್ರಿಗೆ "ಪಿಕಪ್ ಇಲ್ಲ" ಎಂದಷ್ಟೇ ಹೇಳಿ ಬಾರದೆ, ಇದನ್ನು ಬಿಡಿಸಿ ಹೇಳತಕ್ಕದ್ದು.

ಬಳಿಕ ಖರ್ಚು ಕಡಿಮೆಯ ಪರೀಕ್ಷೆಯಿಂದ ಆರಂಭಿಸಿ ಹೆಚ್ಚಿನದರ ಕಡೆಗೆ ಸಾಗಬೇಕು. ಮೊದಲನೆಯದು ಗಾಳಿ. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಅದರ 14.7 ಪಟ್ಟು, ಅಂದರೆ ಸುಮಾರು 9,000 ಲೀಟರು ಗಾಳಿಯು ಬೇಕು. ಅಷ್ಟೂ ಗಾಳಿಯು ಒಂದು ಕಾಗದದ ಫಿಲ್ಟರಿನೊಳಗಿಂದ ಹಾಯ್ದು ಹೋಗುವದು. ತೊಗರಿಯ ರಾಶಿಯ ಕಾಲದಲ್ಲಿಯೂ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಕಾಲದಲ್ಲಿಯೂ ನಮ್ಮ ಎರೆಸೀಮೆಯ ಧೂಳು ಎಷ್ಟೆಂಬದನ್ನು ಹೇಳಬೇಕಾದದ್ದಿಲ್ಲ. ಪುಸ್ತಕದಲ್ಲಿ ಬರೆದ ಅವಧಿಯನ್ನು ಕಾಯದೆ ಫಿಲ್ಟರನ್ನು ತೆಗೆದು ಬೆಳಕಿಗೆ ಹಿಡಿದು ನೋಡಿರಿ. ಬೆಳಕು ಹಾಯದಿದ್ದರೆ ಬದಲಿಸಿರಿ. ಫಿಲ್ಟರನ್ನು ಬಿಟ್ಟು ಗಾಡಿಯನ್ನು ಓಡಿಸಲೇ ಬಾರದು. ಎರೆಮಣ್ಣಿನ ಧೂಳು ಸಿಲಿಂಡರನ್ನು ಸವೆಯಿಸಿಬಿಡುವದು. ಡೀಸೆಲ್ ಗಾಡಿಯಾದರೆ ಟರ್ಬೊದಿಂದ ಎಂಜಿನಿಗೆ ಹೋಗುವ ರಬ್ಬರ್ ನಳಿಗೆಯನ್ನೂ ಅದರ ಕ್ಲಿಪ್ಪುಗಳನ್ನೂ ನೋಡಬೇಕು. ಅಲ್ಲಿ ಸಣ್ಣ ಸೀಳಿದ್ದರೆ ಏರಿನಲ್ಲಿ ಸುಯ್ಯೆಂಬ ಸದ್ದೂ ಕಪ್ಪುಹೊಗೆಯೂ ಕಾಣುವವು.

ಎರಡನೆಯದು ಗಾಲಿ. ಬ್ರೇಕು ಸ್ವಲ್ಪ ಹಿಡಿದುಕೊಂಡೇ ಇದ್ದರೆ ಎಂಜಿನು ಎಷ್ಟು ಬಲಶಾಲಿಯಾಗಿದ್ದರೇನು? ಬ್ರೇಕನ್ನು ಹೆಚ್ಚಾಗಿ ತುಳಿಯದೆ ಏಳೆಂಟು ಕಿಲೋಮೀಟರು ಓಡಿಸಿ ನಿಲ್ಲಿಸಿ, ಪ್ರತಿಯೊಂದು ಗಾಲಿಯ ಸಮೀಪಕ್ಕೆ ಕೈಯನ್ನು ಒಯ್ಯಿರಿ, ಮುಟ್ಟಬೇಡಿರಿ. ಒಂದು ಗಾಲಿಯು ಉಳಿದವುಗಳಿಗಿಂತ ಬಹಳ ಕಾದಿದ್ದರೆ ಕಳ್ಳನು ಅಲ್ಲಿಯೇ ಸಿಕ್ಕನು. ಟಾಯರಿನ ಗಾಳಿಯನ್ನು ಆಗಲೇ ನೋಡಿಬಿಡಬಹುದು.

ಮೂರನೆಯದು ಕಿಡಿ. ಏರಿನಲ್ಲಿ ಆಕ್ಸಲರೇಟರನ್ನು ಒತ್ತಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡವು ಏರುವದು. ಒತ್ತಡವು ಹೆಚ್ಚಿದಷ್ಟು ಕಿಡಿಯು ಹಾರುವದು ಕಷ್ಟ. ಹೆಚ್ಚಿನ ವೋಲ್ಟೇಜು ಬೇಕಾಗುವದು. ಸವೆದ ಸ್ಪಾರ್ಕ್ ಪ್ಲಗ್ಗೂ ಸೋತ ಇಗ್ನಿಷನ್ ಕಾಯಿಲೂ ಬಯಲಿನಲ್ಲಿ ಕಿಡಿ ಕೊಟ್ಟು ಏರಿನಲ್ಲಿ ಕೈಕೊಡುವದು ಇದರಿಂದಲೇ. ನಾಲ್ಕನೆಯದು ಇಂಧನ. ಫಿಲ್ಟರು ಕಟ್ಟಿದ್ದರೆ ಅಥವಾ ಟ್ಯಾಂಕಿನೊಳಗಿನ ಪಂಪು ಬಲಗುಂದಿದ್ದರೆ, ಬಯಲಿಗೆ ಸಾಲುವಷ್ಟು ಪೆಟ್ರೋಲು ಏರಿಗೆ ಸಾಲದು. ಇದನ್ನು ಊಹೆಯಿಂದ ಹೇಳಲಾಗದು. ಗೇಜು ಹಚ್ಚಿ ಒತ್ತಡವನ್ನು ಅಳೆಯಿಸಬೇಕು, ಅದೂ ಎಂಜಿನಿನ ಮೇಲೆ ಭಾರವಿರುವಾಗ.

ಐದನೆಯದು ಹೊಗೆಯ ದಾರಿ. ಸೈಲೆನ್ಸರಿನ ಮುಂದೆ ಇರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಜೇನುಹಟ್ಟಿಯಂತಹ ಸಣ್ಣ ರಂಧ್ರಗಳ ಗಡ್ಡೆಯಿರುವದು. ಅದು ಕರಗಿಯೋ ಒಡೆದೋ ಕಟ್ಟಿಕೊಂಡರೆ ಎಂಜಿನು ಉಸಿರನ್ನು ಬಿಡಲಾರದು. ಬಿಡಲಾರದ್ದು ತೆಗೆದುಕೊಳ್ಳಲೂ ಆರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿಯುವ ಇನ್ನೊಂದು ಫಿಲ್ಟರುಂಟು. ಊರೊಳಗಿನ ಗಿಡ್ಡ ಓಡಾಟವೇ ಹೆಚ್ಚಾದರೆ ಅದರ ಮಸಿಯು ಸುಟ್ಟುಹೋಗದೆ ಕಟ್ಟಿಕೊಂಡು, ಗಾಡಿಯ ಕಂಪ್ಯೂಟರು ತಾನಾಗಿಯೇ ಬಲವನ್ನು ತಗ್ಗಿಸುವದು. ಕೊನೆಯದು ಸಿಲಿಂಡರಿನ ಕಂಪ್ರೆಷನ್. ಒಂದು ಸಿಲಿಂಡರಿನ ಅಂಕೆಯು ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ ಅದರಲ್ಲಿ ಒಂದು ಚಮಚೆ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುವರು. ಅಂಕೆಯು ಏರಿದರೆ ರಿಂಗುಗಳು ಸವೆದಿವೆ, ಏರದಿದ್ದರೆ ವಾಲ್ವುಗಳಲ್ಲಿ ದೋಷವಿದೆ. ಎಂಜಿನನ್ನು ಬಿಚ್ಚುವ ಮಾತು ಈ ಎಲ್ಲ ಪರೀಕ್ಷೆಗಳ ಆಮೇಲಿನದು.

ಇನ್ನು ಪ್ರಶ್ನೆ ಕಳಿಸಿದ ಗೃಹಸ್ಥರ ಗಾಡಿಗೆ ಏನಾಗಿತ್ತೆಂಬದನ್ನು ಹೇಳುವೆನು; ಅವರ ಅನುಮತಿಯಿಂದಲೇ ಬರೆಯುತ್ತಿರುವೆನು. ಅವರು ಮೊದಲು ಹೋದ ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪನ್ನು ಬದಲಿಸಿದರು, ಎರಡನೆಯದರಲ್ಲಿ ಕ್ಲಚ್ಚನ್ನು. ಹಣವು ಹೋಯಿತು, ರೋಗವು ಉಳಿಯಿತು. ಕೊನೆಗೆ ವೃದ್ಧ ಮಿಸ್ತ್ರಿಯೊಬ್ಬರ ಬಳಿಗೆ ಗಾಡಿಯನ್ನು ಒಯ್ದರು. ಆತನು ಪಾನೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕೇಳಿದ್ದು ಇಷ್ಟೇ:

"ಘಟ್ಟಕ್ಕ ಹೋಗೂಕಿಂತ ಮೊದಲ ಎಂಜಿನ್ ದೀಪ ಏನರ ಹತ್ತಿತ್ತೇನ್ರಿ ಸಾವಕಾರ್ರ?"

"ಹತ್ತಿತ್ತು. ಮೂರು ತಿಂಗಳಿಂದ ಆಗಾಗ ಮಿಣುಕತಿತ್ತು. ನಿಂತಾಗ ಗಾಡಿ ಒಂದೀಟು ನಡುಗತಿತ್ತು. ಓಡೂದು ಮಾತ್ರ ಛಲೋ ಓಡತಿತ್ತು."

"ಹಂಗಾದ್ರ ಬ್ಯಾನಿ ಅವತ್ತ ಸುರು ಆಗೇದ್ರಿ."

ಅದೇ ಪೂರ್ವರೂಪವು. ಆತನು ಸ್ಕ್ಯಾನರನ್ನು ಹಚ್ಚಿದನು. ಮೂರನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆಯೆಂದು ಅದು ತೋರಿಸಿತು. ಸ್ಕ್ಯಾನರಿನ ಕೋಡು ಸುಳಿವು ಮಾತ್ರ, ತೀರ್ಪಲ್ಲವಷ್ಟೆ. ಆದುದರಿಂದ ಏನನ್ನೂ ಕೊಳ್ಳದೆ, ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರನೆಯದಕ್ಕೂ ಕೂಡಿಸಿ ಓಡಿಸಿ ನೋಡಿದನು. ದೋಷವೂ ಒಂದನೆಯ ಸಿಲಿಂಡರಿಗೆ ಹೋಯಿತು. ಕಾಯಿಲೇ ಕೆಟ್ಟಿದೆಯೆಂದು ಕಾಸೂ ಖರ್ಚಿಲ್ಲದೆ ಸಿದ್ಧವಾಯಿತು. ಉಪಶಯವೆಂದರೆ ಇದು. ಬಳಿಕ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಆ ತೂತಿಗೆ ಗೇಜನ್ನು ಕೂಡಿಸಿದನು. ಎರಡೂವರೆ ಸಾವಿರ ಸುತ್ತಿನಲ್ಲಿ ಎರಡು ಮೂರು ಪಿಎಸ್‌ಐ ಒಳಗಿರಬೇಕಾದ ಒತ್ತಡವು ಅದನ್ನು ಎಷ್ಟೋ ಮೀರಿತ್ತು. ಕನ್ವರ್ಟರು ಕಟ್ಟಿಹೋಗಿತ್ತು.

ಸಂಪ್ರಾಪ್ತಿಯು ಹೀಗೆ: ಕಾಯಿಲು ಸೋತುದರಿಂದ ಒಂದು ಸಿಲಿಂಡರಿನ ಪೆಟ್ರೋಲು ಉರಿಯದೆ ಹೊರಬಿದ್ದಿತು, ಅದು ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯಿತು, ಆ ತಾಪಕ್ಕೆ ಒಳಗಿನ ಗಡ್ಡೆಯು ಕರಗಿ ಹೊಗೆಯ ದಾರಿಯು ಮುಚ್ಚಿತು. ಕಾಯಿಲಿನ ಬೆಲೆಗೂ ಕನ್ವರ್ಟರಿನ ಬೆಲೆಗೂ ಅಜಗಜಾಂತರವು. ಮೇಲಾಗಿ, ಕಾಯಿಲನ್ನು ಬಿಟ್ಟು ಕನ್ವರ್ಟರನ್ನಷ್ಟೇ ಹೊಸದಾಗಿ ಹಾಕಿದ್ದರೆ ಅದೂ ಕೆಲವು ತಿಂಗಳಲ್ಲಿ ಕರಗುತ್ತಿತ್ತು. ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠವು ಬೇಕೆ? ವಾಚಕರು ಇಷ್ಟನ್ನಾದರೂ ನೆನಪಿನಲ್ಲಿಡಬೇಕು: ಎಂಜಿನ್ ದೀಪವು ಸುಮ್ಮನೆ ಹತ್ತಿಕೊಂಡಿದ್ದರೆ ಬೇಗನೆ ತೋರಿಸತಕ್ಕದ್ದು, ಅದು ಮಿಣುಕಹತ್ತಿದರೆ ಕೂಡಲೆ ವೇಗವನ್ನು ತಗ್ಗಿಸಿ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲತಕ್ಕದ್ದು.

ಒಂದು ವೇಳೆ ಘಟ್ಟದ ನಡುವೆಯೇ ಬಲವು ಕುಂದಿದರೆ ಏನು ಮಾಡಬೇಕು? ಎ.ಸಿ. ಆರಿಸಿರಿ, ಅದೊಂದೇ ಮೂರು ನಾಲ್ಕು ಅಶ್ವಶಕ್ತಿಯನ್ನು ನುಂಗುವದು. ಎಂಜಿನು ನರಳುವ ಮೊದಲೇ ಗೇರನ್ನು ಇಳಿಸಿರಿ. ಅರ್ಧ ಕ್ಲಚ್ಚಿನ ಮೇಲೆ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಬೇಡಿರಿ; ಒಂದು ಸಂಜೆಯಲ್ಲಿ ಕ್ಲಚ್ಚು ಸುಟ್ಟುಹೋಗುವದು. ಮುಂದಿನ ವಾಹನವನ್ನು ಹಿಂದೆ ಹಾಕುವ ಸಾಹಸವು ಸರ್ವಥಾ ಬೇಡ. ಬಲಗುಂದಿದ ಗಾಡಿಯಿಂದ ಜೀವಕ್ಕೆ ಬರುವ ದೊಡ್ಡ ಗಂಡಾಂತರವು ಎದುರುಬದಿಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುವದೇ. ಇಬ್ಬರಿಗೂ ಹಾದುಹೋಗಲು ಸ್ಥಳವು ಸಾಲದಿದ್ದಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳಲ್ಲಿಯೂ ಇತ್ತು, 2017ರ ವಾಹನ ಚಾಲನಾ ನಿಯಮಗಳಲ್ಲಿಯೂ ಇದೆ. ಇಳಿಯುವಾಗ ನಾವೂ ಇದನ್ನು ಮರೆಯಬಾರದು. ನಿಲ್ಲಲೇಬೇಕಾದರೆ ತಿರುವಿನಲ್ಲಿ ನಿಲ್ಲದೆ ಅಗಲವಾದ ಸ್ಥಳವನ್ನು ನೋಡಿ ನಿಂತು, ನಾಲ್ಕೂ ಕಡೆಯ ದೀಪಗಳನ್ನು ಮಿಣುಕಿಸಿ, ಗಾಲಿಯ ಹಿಂದೆ ಕಲ್ಲಿಟ್ಟು, ಜನರನ್ನು ರಸ್ತೆಯಿಂದ ಆಚೆಗೆ ಇಳಿಸಿರಿ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿರಿ. ಒಣಹುಲ್ಲಿನ ಮೇಲೆ ಗಾಡಿಯನ್ನು ನಿಲ್ಲಿಸಬೇಡಿರಿ. ಕಾದ ಕನ್ವರ್ಟರಿನಿಂದ ಹುಲ್ಲಿಗೆ ಬೆಂಕಿ ಹತ್ತುವದುಂಟು.

ಇದೆಲ್ಲಕ್ಕಿಂತ ಸುಲಭವಾದ ಒಂದು ಉಪಾಯವನ್ನು ಹೇಳಿ ಮುಗಿಸುವೆನು. ಊರಿನ ಹತ್ತಿರ ದಟ್ಟಣೆಯಿಲ್ಲದ, ಮುಂದಿನ ದಾರಿ ಚೆನ್ನಾಗಿ ಕಾಣುವ ಒಂದು ದಿಣ್ಣೆಯನ್ನು ಗೊತ್ತುಮಾಡಿಕೊಳ್ಳಿರಿ. ಗಾಡಿಯು ಸುಸ್ಥಿತಿಯಲ್ಲಿರುವಾಗ, ಇಷ್ಟು ಜನ ಕುಳಿತು, ಇಂಥ ಗೇರಿನಲ್ಲಿ, ಬುಡದಲ್ಲಿ ಇಷ್ಟು ವೇಗವಿದ್ದರೆ ತುದಿಯಲ್ಲಿ ಎಷ್ಟು ಉಳಿಯುವದೆಂದು ನೋಡಿ ತಾರೀಖಿನ ಸಂಗಡ ಒಂದು ಪುಸ್ತಕದಲ್ಲಿ ಬರೆದಿಡಿರಿ. ವೇಗವನ್ನು ಓದುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಒಪ್ಪಿಸಿರಿ. ಮೂರು ತಿಂಗಳಿಗೊಮ್ಮೆಯೂ ದೂರದ ಯಾತ್ರೆಗೆ ಎಂಟು ದಿನ ಮುಂಚೆಯೂ ಅದೇ ಜನ, ಅದೇ ಗೇರು, ಅದೇ ದಿಣ್ಣೆಯಲ್ಲಿ ಮತ್ತೆ ನೋಡಿರಿ. ಮೊದಲು 40 ಇದ್ದದ್ದು 30ಕ್ಕೆ ಇಳಿದಿದ್ದರೆ, ಹೊರಡುವದಕ್ಕೆ ಎಂಟು ದಿನ ಇರುವಾಗಲೇ ನಿಮಗೆ ಸುಳಿವು ಸಿಕ್ಕಿತು. ಫಿಲ್ಟರು, ಪ್ಲಗ್ಗು, ಆಯಿಲು ಬದಲಿಸಿದ ದಿನಗಳನ್ನೂ ಅದೇ ಪುಸ್ತಕದಲ್ಲಿ ಬರೆದರೆ ಮಿಸ್ತ್ರಿಗೆ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ಮನೆಯಲ್ಲಿ ಓದುವ ಹುಡುಗರಿದ್ದರೆ ಈ ಪುಸ್ತಕವನ್ನು ಅವರ ಕೈಗೇ ಕೊಡಿರಿ. 1,200ನ್ನು 75ರಿಂದ ಭಾಗಿಸುವ ಲೆಕ್ಕವು ಅವರಿಗೆ ಎಂದಿಗೂ ಮರೆಯಲಾರದು.